ಬರಿಗಾಲಿನ ಅಹ್ಮದ್ ಖಾನ್

2024ರ ಏಪ್ರಿಲ್ ತಿಂಗಳಲ್ಲಿ ‘ಮೈದಾನ್’ ಎಂಬ ಹಿಂದಿ ಚಲನಚಿತ್ರ ತೆರೆಕಂಡಾಗ, ಪುಣೆಯಲ್ಲಿ ನೌಕರಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ನೋಡಿ ಬಂದು ಫೋನ್ ಮಾಡಿದ್ದ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಎಂಬ ಫುಟ್‌ಬಾಲ್ ತರಬೇತುದಾರರ ಜೀವನವನ್ನು ಆಧರಿಸಿದ ಚಿತ್ರವದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು ಭಾರತ 10–1ರಿಂದ ಸೋತ ಪಂದ್ಯದಿಂದ ಕಥೆ ತೊಡಗುತ್ತದೆ. “ಸರ, ಆ ಒಂದ್ ಗೋಲ್ ಹೊಡದಾವ್ರು ನಮ್ಮ ಬೆಂಗಳೂರಿನಾವ್ರು ಅಂತ ನೀವೂ ಪಿ.ಟಿ. ಸರೂ ಹೇಳ್ತಿದ್ರಲ್ರೀ, ಅವರ ಹೆಸರೇನ್ರಿ?” ಎಂದು ಕೇಳಿದ. ಹೆಸರು ಹೇಳಿದೆ. ಆದರೆ ಹೆಸರೊಂದನ್ನೇ ಹೇಳಿ ಮುಗಿಸುವ ಸಂಗತಿ ಅದಲ್ಲವೆಂದು ಅಂದಿನಿಂದಲೂ ಮನಸ್ಸಿನಲ್ಲಿತ್ತು. ನನ್ನ ತರಗತಿಯಲ್ಲಿ ಕುಳಿತಿದ್ದ ನಿಮಗೆಲ್ಲ ಈ ಕಥೆ ಚೂರುಪಾರು ನೆನಪಿರಬಹುದು. ಅದನ್ನು ಇಡಿಯಾಗಿ ಬರೆದಿಡುವ ಪ್ರಯತ್ನವಿದು.

ಆ ಆಟಗಾರರ ಹೆಸರು ಅಹ್ಮದ್ ಖಾನ್. 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನನ. ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಪಲ್ಟಣಗಳು ಬೀಡುಬಿಟ್ಟಿದ್ದುದರಿಂದ ಬೆಂಗಳೂರಿಗೆ ಕಾಲ್ಚೆಂಡಾಟ ಬಹು ಮೊದಲೇ ಬಂದಿತ್ತು. ಸೋಲ್ಜರುಗಳ ಆಟವನ್ನು ಬೇಲಿಯಾಚೆ ನಿಂತು ನೋಡಿದ ಬಡಾವಣೆಯ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. ಇಂದು ನಮಗೆ ಆಶ್ಚರ್ಯವೆನಿಸಬಹುದು, ಆದರೆ ಅಂದಿನ ಮೈಸೂರು ಸಂಸ್ಥಾನದ ತಂಡವು ಭಾರತದ ದೊಡ್ಡ ತಂಡಗಳಲ್ಲೊಂದು. 1946–47ರಲ್ಲಿ ಬಲಾಢ್ಯ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. 1952–53ರಲ್ಲಿ ಮತ್ತೊಮ್ಮೆ ಬಂಗಾಳವನ್ನೇ ಸೋಲಿಸಿ ಗೆದ್ದಿತು. ಇಂತಹ ಊರಿನ ಮೈದಾನದಲ್ಲಿ ಅಹ್ಮದ್ ಖಾನರು ಬೆಳೆದರು, ಬರಿಗಾಲಿನಲ್ಲಿ.

ಈ ಬರಿಗಾಲು ಎಂಬ ಮಾತನ್ನು ನಮ್ಮ ಊರಿನವರಿಗೆ ವಿವರಿಸಬೇಕಾಗಿಲ್ಲ. ಹನುಮಸಾಗರದ ಸುತ್ತಮುತ್ತಲಿನ ಹೊಲಗಳಲ್ಲಿ ನೆಗ್ಗಿಲು ಮುಳ್ಳು ಮತ್ತು ಜಾಲಿಮುಳ್ಳಿನ ನಡುವೆ ನಡೆದು ಬೆಳೆದವರು ನಾವು. ಬಿರುಬೇಸಿಗೆಯಲ್ಲಿ ಎರೆ ನೆಲ ಬಾಯ್ದೆರೆದಾಗ ಅದರ ಅಂಚುಗಳು ಎಷ್ಟು ಹರಿತವೆಂಬುದು ನಮ್ಮ ಅಂಗಾಲುಗಳಿಗೆ ಗೊತ್ತು. ಆದರೆ ನಮ್ಮ ಬರಿಗಾಲಿಗೂ ಅಹ್ಮದ್ ಖಾನರ ಬರಿಗಾಲಿಗೂ ಒಂದು ಅಂತರವಿದೆ. ಕಾಲಿಗೆ ಪಟ್ಟಿ ಸುತ್ತಿಕೊಂಡು ಬರಿಗಾಲಿನಿಂದ ಆಡುವುದು ಆ ಕಾಲದ ಭಾರತೀಯ ಆಟಗಾರರ ರೂಢಿಯಾಗಿತ್ತು. 1911ರಲ್ಲಿ ಕಲಕತ್ತೆಯ ಮೋಹನ್ ಬಾಗಾನ್ ತಂಡವು ಬೂಟು ತೊಟ್ಟ ಈಸ್ಟ್ ಯಾರ್ಕ್‌ಶೈರ್ ಪಲ್ಟಣವನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಅದರ ಹನ್ನೊಂದು ಆಟಗಾರರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಿನವರೇ. ಹಣವಿಲ್ಲದ್ದು ಒಂದು ಕಾರಣವಿದ್ದೀತು. ಆದರೆ ಚೆಂಡಿನ ಹೊಲಿಗೆ ಎಲ್ಲಿದೆ, ಅದು ಎತ್ತ ಹೊರಳುತ್ತದೆ ಎಂಬುದು ಬೆರಳಿಗೆ ತಿಳಿದಷ್ಟು ಬೂಟಿಗೆ ತಿಳಿಯುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಒಣ ನೆಲದ ಮೇಲೆ ಇದು ಬಡತನವಲ್ಲ, ವಿದ್ಯೆ. ಮಳೆ ಬಿದ್ದು ಕೆಸರಾದಾಗ ಮಾತ್ರ ಆ ವಿದ್ಯೆ ಕೈಕೊಡುತ್ತಿತ್ತು. ತೊಗಲಿನ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು, ಕಾಲು ಜಾರುತ್ತಿತ್ತು.

ಇದನ್ನೆಲ್ಲ ನನಗೆ ಹೇಳಿದವರು ನಮ್ಮ ಪಿ.ಟಿ. ಮಾಸ್ತರರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತಿದೆ, ಅವರಿಗೆ ಹೆಸರು ಹೇಳಿಸಿಕೊಳ್ಳುವುದೂ ಇಷ್ಟವಿರಲಿಲ್ಲ. ರಾಯಚೂರಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿ ಓದಿದವರು. ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದ ದಿನಗಳಲ್ಲಿ ಅವರು ಅಲ್ಲಿ ಹುಡುಗರು. ಆ ತಂಡವನ್ನು ತಿದ್ದಿದ ರಹೀಂ ಸಾಹೇಬರು ಮೂಲತಃ ಶಾಲಾ ಮಾಸ್ತರರೆಂಬುದನ್ನು ಅವರು ಸಿಬ್ಬಂದಿ ಕೋಣೆಯಲ್ಲಿ ಹೇಳುವಾಗ ನಮ್ಮೆಲ್ಲರ ಬೆನ್ನು ತುಸು ನೆಟ್ಟಗಾಗುತ್ತಿತ್ತು.

1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಮೊದಲ ಬಾರಿಗೆ ಒಲಿಂಪಿಕ್ಸ್ ಅಂಗಳಕ್ಕಿಳಿದ ದಿನ. ಲಂಡನ್ನಿನ ಹೊರಭಾಗದ ಇಲ್‌ಫರ್ಡ್‌ನಲ್ಲಿ ಫ್ರಾನ್ಸಿನ ಎದುರು ಆಟ. ನಮ್ಮ ಹೆಚ್ಚಿನ ಆಟಗಾರರು ಬರಿಗಾಲಿನವರು. ಇಪ್ಪತ್ತೊಂದು ವರ್ಷದ ಅಹ್ಮದ್ ಖಾನರು ಎಡಭಾಗದ ಒಳಮುಂಪಡೆಯಲ್ಲಿ, ಅಂದರೆ ‘ಇನ್‌ಸೈಡ್ ಲೆಫ್ಟ್’ ಸ್ಥಾನದಲ್ಲಿ ಆಡಿದರು. ಫ್ರಾನ್ಸ್ ಮುಂದಾಯಿತು. ದ್ವಿತೀಯಾರ್ಧದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸರಿಗಟ್ಟಿದರು. ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಅದು, ಹೊಡೆದ ರಾಮನ್ ಅವರೂ ಬೆಂಗಳೂರಿನವರೇ. ಸಿಕ್ಕಿದ ಎರಡು ಪೆನಾಲ್ಟಿಗಳನ್ನು ಭಾರತ ಕಳೆದುಕೊಂಡಿತು. ಆಟ ಮುಗಿಯಲು ಒಂದು ನಿಮಿಷವಿದ್ದಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಸೋತರೂ ಲಂಡನ್ನಿನ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಬೂಟುಗಳೇಕಿಲ್ಲವೆಂದು ಕೇಳಿದ್ದಕ್ಕೆ ನಾಯಕರಾಗಿದ್ದ ನಾಗಾಲ್ಯಾಂಡಿನ ಡಾಕ್ಟರ್ ತಾಲಿಮೆರೆನ್ ಆವೋ ಅವರು, ನಾವಾಡುವುದು ಫುಟ್‌ಬಾಲ್, ನೀವಾಡುವುದು ಬೂಟ್‌ಬಾಲ್ ಎಂದು ಉತ್ತರಿಸಿದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಗಳ ನಡುವೆ ನುಸುಳುತ್ತಿದ್ದ ಅಹ್ಮದ್ ಖಾನರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಿದ್ದಿತು.

ಆ ದಿನ ನಮ್ಮ ಊರು ಎಲ್ಲಿತ್ತೆಂಬುದನ್ನು ನೆನೆದರೆ ನನಗೆ ವಿಚಿತ್ರವೆನಿಸುತ್ತದೆ. ಲಂಡನ್ನಿನಲ್ಲಿ ಸ್ವತಂತ್ರ ಭಾರತದ ಹೆಸರಿನಲ್ಲಿ ಬೆಂಗಳೂರಿನ ಹುಡುಗರು ಆಡುತ್ತಿದ್ದಾಗ ಹನುಮಸಾಗರವು ನಿಜಾಮರ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ನಮಗೆ ಸ್ವಾತಂತ್ರ್ಯ ಬಂದದ್ದು ಒಂದೂವರೆ ತಿಂಗಳ ನಂತರ, ಸೆಪ್ಟೆಂಬರ್ 17ರಂದು. ರಜಾಕಾರರ ಹಾವಳಿಗೆ ಹೆದರಿ ರಾತ್ರೋರಾತ್ರಿ ಗಡಿ ದಾಟಿ ಗಜೇಂದ್ರಗಡದ ಕಡೆಗೆ ಹೋದವರ ಕಥೆಗಳನ್ನು ನನ್ನ ತಾಯಿ ಹೇಳುತ್ತಿದ್ದಳು. ಪೊಲೀಸ್ ಕಾರ್ಯಾಚರಣೆಯ ನಂತರ ಇನ್ನೊಂದು ಕಡೆಯವರು ಪಟ್ಟ ಪಾಡನ್ನು ಪಿ.ಟಿ. ಮಾಸ್ತರರು ಒಂದೇ ಒಂದು ಸಲ, ಬಹಳ ಕಡಿಮೆ ಮಾತುಗಳಲ್ಲಿ ಹೇಳಿದ್ದರು. ಇಬ್ಬರೂ ಸುಳ್ಳು ಹೇಳಿದವರಲ್ಲ. ಅಲಾಯಿ ಹಬ್ಬದಲ್ಲಿ ಊರಿಗೆ ಊರೇ ಒಂದಾಗಿ ಹೆಜ್ಜೆ ಹಾಕುವ ಸೀಮೆ ನಮ್ಮದು. ಆ ಎರಡು ಕಥೆಗಳೂ ಅದೇ ಸೀಮೆಯವು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಅಹ್ಮದ್ ಖಾನರ ಬಾಳಿನ ಅತ್ಯಂತ ದೊಡ್ಡ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಲ್ಲ, ಕಲಕತ್ತೆಯಲ್ಲಿ; ಅದೂ ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗ. ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ಬು 1920ರಲ್ಲಿ ಸ್ಥಾಪನೆಯಾದದ್ದು. ಪೂರ್ವ ಬಂಗಾಳ ಮೂಲದವರ ಕ್ಲಬ್ಬೆಂದೇ ಹೆಸರು. (ಅದರ ಅಂಗಿಯ ಬಣ್ಣ ಕೆಂಪು–ಹಳದಿ. ನಮ್ಮ ಕನ್ನಡ ಬಾವುಟದ ಬಣ್ಣಗಳೇ ಎಂದು ನಾನು ತರಗತಿಯಲ್ಲಿ ಹೇಳಿದರೆ ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಿರಿ.) ವಿಭಜನೆಯಾದ ಮೇಲೆ ಮನೆ, ಹೊಲ, ಊರು ಎಲ್ಲವನ್ನೂ ಬಿಟ್ಟು ಕಲಕತ್ತೆಯ ಸಿಯಾಲ್ದಾ ರೈಲು ನಿಲ್ದಾಣದಲ್ಲಿ ಬಂದಿಳಿದ ಲಕ್ಷಾಂತರ ನಿರಾಶ್ರಿತರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದ ಕೆಲವೇ ವಸ್ತುಗಳಲ್ಲಿ ಈ ಕ್ಲಬ್ಬೂ ಒಂದಾಯಿತು. ಕಾರ್ಯದರ್ಶಿ ಜೆ.ಸಿ. ಗುಹಾ ಅವರು ದಕ್ಷಿಣದಿಂದ ಆರಿಸಿ ತಂದ ಐವರು ಮುಂಪಡೆಯ ಆಟಗಾರರು 1949ರಲ್ಲಿ ಅಲ್ಲಿ ಒಟ್ಟುಗೂಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಆ ಕಾಲದ ಪದ್ಧತಿಯಂತೆ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಈ ಐವರನ್ನು ಕಲಕತ್ತೆಯ ಜನ ‘ಪಂಚಪಾಂಡವರು’ ಎಂದು ಕರೆದರು.

ಆ ಹೆಸರಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ಧರ್ಮದ ಹೆಸರಿನಲ್ಲಿ ಊರು ಬಿಡಬೇಕಾಗಿ ಬಂದ ಹಿಂದೂ ನಿರಾಶ್ರಿತರೇ ಆ ಮೈದಾನದ ಕಟ್ಟೆಯ ಮೇಲೆ ಹೆಚ್ಚಾಗಿ ನಿಂತಿದ್ದವರು. ಅವರು ತಮ್ಮ ಪಾಂಡವರಲ್ಲಿ ಇಬ್ಬರನ್ನು ಮುಸಲ್ಮಾನರನ್ನಾಗಿ ಆರಿಸಿಕೊಂಡರು. ಯಾರೂ ಅವರಿಗೆ ಸೌಹಾರ್ದದ ಪಾಠ ಹೇಳಿರಲಿಲ್ಲ. ಚೆಂಡು ಅಹ್ಮದನ ಕಾಲಿಗೆ ಬಂದರೆ ಏನಾಗುತ್ತದೆಂಬುದನ್ನು ಕಣ್ಣಾರೆ ಕಂಡಿದ್ದರು, ಅಷ್ಟೇ. ಗದುಗಿನ ನಾರಣಪ್ಪನ ನಾಡಿಗೆ ಹತ್ತಿರದಲ್ಲಿರುವ ನಮಗೆ ಪಾಂಡವರೆಂದರೆ ಮನೆಯ ಮಂದಿ. ಸಿಬ್ಬಂದಿ ಕೋಣೆಯಲ್ಲಿ ಒಮ್ಮೆ, ಇವರಲ್ಲಿ ಅಹ್ಮದ್ ಖಾನರು ಯಾರು ಎಂಬ ಚರ್ಚೆ ನಡೆಯಿತು. ಪಿ.ಟಿ. ಮಾಸ್ತರರು “ಅರ್ಜುನ, ಮತ್ತ್ಯಾರು?” ಎಂದರು. ನಾನು ಒಪ್ಪಲಿಲ್ಲ. ಅವರೇ ಹೇಳುತ್ತಿದ್ದ ಪ್ರಕಾರ ಅಹ್ಮದ್ ಖಾನರು ತಾವು ಗೋಲು ಹೊಡೆದದ್ದಕ್ಕಿಂತ ಇತರರಿಂದ ಹೊಡೆಯಿಸಿದ್ದು ಹೆಚ್ಚು. ಎಲ್ಲವನ್ನೂ ಮೊದಲೇ ಬಲ್ಲವನು, ಕೇಳದ ಹೊರತು ಬಾಯಿಬಿಡದವನು ಸಹದೇವ. ನನ್ನ ಎಣಿಕೆಯಲ್ಲಿ ಅವರು ಸಹದೇವನೇ. ಈ ವಾದ ನಮ್ಮಿಬ್ಬರ ನಡುವೆ ಇತ್ಯರ್ಥವಾಗಲಿಲ್ಲ.

ಗೆದ್ದದ್ದನ್ನು ಪಟ್ಟಿ ಮಾಡುತ್ತ ಕುಳಿತರೆ ನಿಮಗೆ ಬೇಸರವಾದೀತು. 1949ರಲ್ಲಿ ಕಲಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರೂ ಈಸ್ಟ್ ಬೆಂಗಾಲಿಗೆ. ಶೀಲ್ಡನ್ನು 1950 ಮತ್ತು 1951ರಲ್ಲಿಯೂ ಉಳಿಸಿಕೊಂಡರು. 1951 ಮತ್ತು 1952ರಲ್ಲಿ ದೆಹಲಿಯ ಡುರಾಂಡ್ ಕಪ್. ದೇಶಕ್ಕಾಗಿ ಆಡಿ ಗೆದ್ದದ್ದು 1951ರ ಮಾರ್ಚಿನಲ್ಲಿ: ಮೊದಲ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಇರಾನಿನ ವಿರುದ್ಧ 1–0. ಗೋಲು ಮೇವಾಲಾಲರದು, ತರಬೇತಿ ರಹೀಂ ಸಾಹೇಬರದು. ಸ್ವರ್ಣಪದಕ ಪಡೆದ ಆ ತಂಡದಲ್ಲಿ ಅಹ್ಮದ್ ಖಾನರೂ ಇದ್ದರು.

ಈ ನಡುವೆ 1950ರ ಬ್ರೆಜಿಲ್ ವಿಶ್ವಕಪ್ಪಿನ ಸಂಗತಿ ಬರುತ್ತದೆ. ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಭಾರತಕ್ಕೆ ತಾನಾಗಿಯೇ ಪ್ರವೇಶ ಸಿಕ್ಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಭಾರತದ ಹೆಸರೂ ಇತ್ತು. ನಾವು ಹೋಗಲಿಲ್ಲ. ಬರಿಗಾಲಿನವರಿಗೆ ಅಲ್ಲಿ ಅನುಮತಿ ಇಲ್ಲವೆಂದು ಹೋಗಲಿಲ್ಲವೆಂಬ ಕಥೆ ಇಂದಿಗೂ ಊರೂರು ಸುತ್ತುತ್ತಿದೆ. ನನ್ನ ವಿದ್ಯಾರ್ಥಿಗಳೇ ಎಷ್ಟೋ ಜನ ಇದನ್ನು ನನಗೆ ಕಳಿಸಿದ್ದೀರಿ. ದಯವಿಟ್ಟು ಇನ್ನು ಕಳಿಸಬೇಡಿ. ಎರಡು ವರ್ಷಗಳ ನಂತರ ಹೆಲ್ಸಿಂಕಿಯಲ್ಲಿ ನಮ್ಮವರು ಬರಿಗಾಲಿನಲ್ಲಿ ಆಡಿದ್ದನ್ನು ನೆನೆದರೆ ಆ ಕಥೆಯ ಬಲ ಕುಗ್ಗುತ್ತದೆ. ಹಡಗಿನ ದೀರ್ಘ ಪ್ರಯಾಣ, ಸಿದ್ಧತೆಗೆ ಸಾಲದ ಕಾಲ, ಎಲ್ಲಕ್ಕಿಂತ ಮಿಗಿಲಾಗಿ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಅಷ್ಟೇನಲ್ಲ ಎಂಬ ಅಂದಿನ ಫುಟ್‌ಬಾಲ್ ಮಂಡಳಿಯ ಭಾವನೆ, ಇವೇ ನಿಜವಾದ ಕಾರಣಗಳು. ಶೈಲೇನ್ ಮನ್ನಾ ಅವರೇ ಮುಂದೆ ಹೀಗೆ ಹೇಳಿದ್ದಾರೆ. ಕಚೇರಿಯಲ್ಲಿ ಕುಳಿತವರ ತೀರ್ಮಾನವನ್ನು ಆಟಗಾರರ ಅಂಗಾಲಿನ ಮೇಲೆ ಹೊರಿಸುವುದು ಅನ್ಯಾಯ.

ಇನ್ನು ಹೆಲ್ಸಿಂಕಿ. 1952ರ ಜುಲೈ 15. ಉತ್ತರದ ಚಳಿ, ನಮ್ಮವರಿಗೆ ಪರಿಚಯವೇ ಇಲ್ಲದ ನೆಲ. ಎದುರಾಳಿ ಯುಗೊಸ್ಲಾವಿಯ ಸಾಮಾನ್ಯ ತಂಡವಲ್ಲ. ಅದೇ ಒಲಿಂಪಿಕ್ಸಿನಲ್ಲಿ ಅವರು ಸೋವಿಯೆತ್ ಒಕ್ಕೂಟದ ವಿರುದ್ಧ ಐದು ಗೋಲು ಹೊಡೆದು, ಪಂದ್ಯ 5–5ರಲ್ಲಿ ಸಮವಾಗಿ, ಮರುಪಂದ್ಯದಲ್ಲಿ 3–1ರಿಂದ ಗೆದ್ದರು. ಕೊನೆಗೆ ಹಂಗೇರಿಗೆ ಮಾತ್ರ ಸೋತು ರಜತ ಪದಕ ಪಡೆದರು. ಆ ತಂಡದ ಜೆಬೆಕ್ ಎಂಬ ಒಬ್ಬ ಆಟಗಾರನೇ ನಮ್ಮ ಮೇಲೆ ನಾಲ್ಕು ಗೋಲು ಹೊಡೆದ. ಒಂದಾದ ಮೇಲೊಂದು ಹತ್ತು ಗೋಲುಗಳು ಬಿದ್ದವು. ಚಳಿಗೆ ಕಾಲು ಮರಗಟ್ಟಿದ ಬರಿಗಾಲಿನ ಆಟಗಾರರು ಬೂಟಿನವರ ನಡುವೆ ತೊಂಬತ್ತು ನಿಮಿಷ ಕಳೆಯುವುದೇ ಒಂದು ಶಿಕ್ಷೆಯಾಗಿದ್ದಿರಬೇಕು.

ಆ ತೊಂಬತ್ತು ನಿಮಿಷಗಳಲ್ಲಿ 89ನೆಯ ನಿಮಿಷದಲ್ಲಿ ಅಹ್ಮದ್ ಖಾನರು ಗೋಲು ಹೊಡೆದರು.

ನನಗೆ ಈ ಸಂಗತಿಯನ್ನು ಓದಿದಾಗಲೆಲ್ಲ ಗೋಲಿಗಿಂತ ನಿಮಿಷವೇ ಹೆಚ್ಚು ಮಾತನಾಡುತ್ತದೆ. ಹತ್ತು ಗೋಲು ಬಿದ್ದ ಮೇಲೆ 89ನೆಯ ನಿಮಿಷದಲ್ಲಿ ಯಾರೂ ಎದುರಾಳಿಯ ಗೋಲಿನ ಬಳಿ ಇರುವುದಿಲ್ಲ; ಮನಸ್ಸು ಆಗಲೇ ಸ್ನಾನದ ಮನೆಯಲ್ಲಿರುತ್ತದೆ. ಪರೀಕ್ಷೆಯ ಕೊನೆಯ ಹತ್ತು ನಿಮಿಷ ಉಳಿದಿರುವಾಗ ಪೇಪರು ಕೊಟ್ಟು ಓಡುವ ನಿಮ್ಮಂಥವರಿಗೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆಟದ ಫಲ ಬದಲಾಗಲಿಲ್ಲ. ಮರಳಿ ಬಂದ ಮೇಲೆ ಫುಟ್‌ಬಾಲ್ ಮಂಡಳಿಯು ಬೂಟನ್ನು ಕಡ್ಡಾಯ ಮಾಡಿತು. ಬರಿಗಾಲಿನ ಕಾಲ ಮುಗಿಯಿತು. ಅಹ್ಮದ್ ಖಾನರು ಬೂಟು ತೊಡುವ ಕಾಲದಲ್ಲಿಯೂ ಆಟ ಮುಂದುವರಿಸಿ 1959ರವರೆಗೆ ಈಸ್ಟ್ ಬೆಂಗಾಲಿನಲ್ಲಿಯೇ ಇದ್ದರು.

ಬೂಟು ಕಡ್ಡಾಯವಾದದ್ದು ಸರಿಯೇ ತಪ್ಪೇ ಎಂದು ಕೇಳಿದರೆ, ಸರಿ ಎಂದೇ ಹೇಳಬೇಕು. ಆಟದ ನಿಯಮ ಹಾಗಿದೆ, ಕಾಲಿನ ರಕ್ಷಣೆಯೂ ಮುಖ್ಯ. ಆದರೆ ನಿಯಮ ಮೊದಲು ಬಂದು ಬೂಟು ಬಹಳ ತಡವಾಗಿ ಬರುವ ಊರುಗಳಿವೆ. 1980ರ ದಶಕದಲ್ಲಿ ಪಿ.ಟಿ. ಮಾಸ್ತರರು ನಮ್ಮ ಶಾಲೆಯಲ್ಲಿ ಒಂದು ತಂಡ ಕಟ್ಟಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಕಬಡ್ಡಿ, ಖೋ ಖೋ ಬಿಟ್ಟು ಬೇರೆ ಆಟವೇ ಕಾಣದ ಊರಿನಲ್ಲಿ ಅದೊಂದು ಸೋಜಿಗವಾಗಿತ್ತು. ಅದರಲ್ಲಿ ಕುರಿಗಾರರ ಮನೆಯ ಹುಡುಗನೊಬ್ಬನಿದ್ದ. ಕುರಿಮರಿ ಅಡ್ಡ ಓಡಿದರೆ ಕಾಲಿನಿಂದಲೇ ತಡೆದು ಹಿಂಡಿಗೆ ಸೇರಿಸುತ್ತ ಬೆಳೆದವನು. ಚೆಂಡೂ ಅವನ ಮಾತು ಕೇಳುತ್ತಿತ್ತು. ಪಕ್ಕದ ಊರಿನಲ್ಲಿ ನಡೆದ ಕ್ರೀಡಾಕೂಟಕ್ಕೆ ಹೋದಾಗ ಅಲ್ಲಿನ ಅಧಿಕಾರಿಯೊಬ್ಬರು ಬೂಟಿಲ್ಲದವರು ಹೊರಗೆ ಎಂದರು. ಮಾಸ್ತರರು ಅಹ್ಮದ್ ಖಾನರ ಹೆಸರು ಹೇಳಿದರು. ಆ ಅಧಿಕಾರಿ ಆ ಹೆಸರನ್ನೇ ಕೇಳಿರಲಿಲ್ಲ. ಕೇಳಿದ್ದರೂ ನಿಯಮ ಅವರ ಕಡೆಗಿತ್ತು. ಎಲ್ಲಿಂದಲೋ ಎರವಲು ತಂದ, ಎರಡು ಅಳತೆ ದೊಡ್ಡದಾದ ಬೂಟಿನೊಳಗೆ ಅರಿವೆ ತುರುಕಿ ಹುಡುಗನನ್ನು ಇಳಿಸಿದರು. ಎರಡು ಸಲ ಮುಗ್ಗರಿಸಿ ಬಿದ್ದ. ನೋಡುತ್ತಿದ್ದವರು ನಕ್ಕರು. ಮರುವಾರದಿಂದ ಅವನು ಮೈದಾನಕ್ಕೆ ಬರಲಿಲ್ಲ; ಆ ವರ್ಷ ಮಳೆಯೂ ಕೈಕೊಟ್ಟು ಅವನ ಮನೆಯವರು ಗೋವೆಗೆ ಗುಳೆ ಹೋದರು, ಶಾಲೆಯೂ ಅಲ್ಲಿಗೇ ನಿಂತಿತು.

ಏಳೆಂಟು ವರ್ಷಗಳ ಮೇಲೆ ಯುಗಾದಿಗೆ ಊರಿಗೆ ಬಂದಾಗ ಅವನು ಮಾಸ್ತರರ ಮನೆ ಹುಡುಕಿಕೊಂಡು ಬಂದ. ನಾನೂ ಅಲ್ಲಿದ್ದೆ. ಗೋವೆಯಲ್ಲಿ ಗೌಂಡಿ ಕೆಲಸ. ಭಾನುವಾರ ಅಲ್ಲಿನ ಬಯಲಿನಲ್ಲಿ ಆಟ. ಚೀಲದಿಂದ ಬೂಟುಗಳನ್ನು ತೆಗೆದು ಮಾಸ್ತರರ ಮುಂದೆ ಇಟ್ಟು, “ಸರ, ಇವು ನನ್ನ ಅಳತೀವು ಅದಾವ್ರಿ” ಎಂದ. ಮಾಸ್ತರರು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಹೋಗಿ ಬಹಳ ಹೊತ್ತು ಚಹಾ ಮಾಡಿದರು.

ಅಹ್ಮದ್ ಖಾನರನ್ನು ನಾನು ಕಾಣಲಿಲ್ಲ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದಾಗ ಒಂದು ಸಂಜೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಬಳಿ ಇಳಿದು ಹೊರಗಿನಿಂದ ನೋಡಿ ಬಂದೆ, ಅಷ್ಟೇ. ಹಲಸೂರಿನ ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯಿದೆ. ಅಲ್ಲಿನ ಜನ ಅಷ್ಟು ಪ್ರೀತಿಯಿಂದ ನಿಲ್ಲಿಸಿದ್ದಾರೆ. ಅದು ಸಂತೋಷದ ಸಂಗತಿಯೇ. ಅಹ್ಮದ್ ಖಾನರ ಪ್ರತಿಮೆಯನ್ನು ನಾನು ಆ ನಗರದಲ್ಲಿ ಎಲ್ಲಿಯೂ ಕಂಡಿಲ್ಲ. ಕ್ರೀಡಾಪಟುಗಳಿಗೆ ಅರ್ಜುನ ಪ್ರಶಸ್ತಿ ಕೊಡುವ ಪದ್ಧತಿ ಆರಂಭವಾದದ್ದು 1961ರಲ್ಲಿ. ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು. ಸಹದೇವನೆಂದು ನಾನು ವಾದಿಸಿದ್ದು ಈ ಅರ್ಥದಲ್ಲಿಯೂ ನಿಂತಿತು ಎಂದು ಹೇಳಿದಾಗ ಪಿ.ಟಿ. ಮಾಸ್ತರರು ನಗಲಿಲ್ಲ.

2017ರ ಆಗಸ್ಟ್ 27ರಂದು ಅಹ್ಮದ್ ಖಾನರು ಬೆಂಗಳೂರಿನಲ್ಲಿ ತೀರಿಕೊಂಡರು. ತೊಂಬತ್ತು ವರ್ಷ ತುಂಬಿತ್ತು. ಸುದ್ದಿಯ ತುಣುಕನ್ನು ಕತ್ತರಿಸಿಕೊಂಡು ಮಾಸ್ತರರ ಮನೆಗೆ ಹೋದೆ. ಆಗ ಅವರಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ನಾನೇ ಓದಿ ಹೇಳಿದೆ. ‘ಬರಿಗಾಲಿನ ಆಟಗಾರ’ ಎಂದು ಬಂದಲ್ಲಿ ಕೈಯೆತ್ತಿ ತಡೆದರು. “ಆಟಗಾರ ಅಂದಿದ್ರ ಸಾಕಿತ್ತಲ್ರಿ” ಎಂದರು. ಓದಿ ಮುಗಿಸಿದ ಮೇಲೆ ಆ ತುಣುಕನ್ನು ಮಡಚಿ ತಮ್ಮ ಕುರಾನಿನ ಕಪಾಟಿನ ಪಕ್ಕದ, ಹಳೆಯ ಹಾಜರಿ ಪುಸ್ತಕಗಳ ನಡುವೆ ಇಡಲು ಮೊಮ್ಮಗಳಿಗೆ ಕೊಟ್ಟರು. ಮರುವರ್ಷ ಅವರೂ ಹೋದರು.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದಿನಲ್ಲಿ ಕರ್ನಾಟಕವು ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹಿಂದಿನ ಸಲ ಗೆದ್ದದ್ದು 1968–69ರಲ್ಲಿ, ಮೈಸೂರು ಎಂಬ ಹೆಸರಿನಲ್ಲಿ. ಮರುದಿನ ಪತ್ರಿಕೆ ಓದಿ ಯಾರಿಗೆ ಹೇಳಬೇಕೆಂದು ತೋಚದೆ, ಮಾಸ್ತರರ ಮನೆಯ ಕಡೆಗೆ ಹೋಗಿ ಅವರ ಮೊಮ್ಮಗಳಿಗೆ ಹೇಳಿ ಬಂದೆ. ಅವಳು ಈಗ ಕುಷ್ಟಗಿಯಲ್ಲಿ ಕಾಲೇಜು ಓದುತ್ತಿದ್ದಾಳೆ. ಆ ತುಣುಕು ಅವಳ ಬಳಿ ಇದೆ.